ಮಣಿಕಟ್ಟಿನ ಪಟ್ಟಿ

ಕಪಿಲ,

ಚಿರಂಜೀವಿ ಎಂಬ ಪದವನ್ನು ಬಿಟ್ಟು ನಿನಗೆ ಬರೆಯುತ್ತಿದ್ದೇನೆ. ನಿನ್ನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ನಿನ್ನ ಕೈಗಳನ್ನು ಮಂಚಕ್ಕೆ ಕಟ್ಟಿದ್ದ ನರ್ಸ್ ಫಿರದೋಸ ಇಂದು ದುರ್ಗದಬೈಲಿನಲ್ಲಿ ಎದುರಾದಳು. ತನ್ನ ಅನುಕೂಲಕ್ಕೇ ಕಟ್ಟಿದಳೆಂಬುದು ಈಗಲೂ ನನ್ನ ಸಂಶಯ. ಕಾರಣ ಕೇಳಿದೆ.

“ಉಸಿರಿನ ಪೈಪ್ ಕಿತ್ತಕೊಳ್ಳಾಕತ್ತಿದ್ರು, ಸರ್. ಮನಿಯವರು ಕೈ ಹಿಡಕೊಂಡು ಕೂತ್ರ ನಾವು ಕಟ್ಟೂದಿಲ್ರಿ. ಅವರ ತಾಯಿ ಕೂತಾಗೆಲ್ಲ ಬಿಚ್ಚೇವ್ರಿ.”

“ನಾ ಬಂದಾಗ?”

“ನೀವು ನಿಂತಕೊಂಡು ನಮ್ಮ ಜೋಡಿ ವಾದಾ ಮಾಡಿದ್ರಿ. ಕುರ್ಚಿ ಕೊಟ್ರೂ ಕೂಡ್ಲಿಲ್ರಿ.”

ಉತ್ತರ ಮೊದಲೇ ಸಿದ್ಧವಾಗಿದ್ದಂತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳ ದಿನಗಳಿಂದಲೂ ಅಂಥ ಉತ್ತರಗಳನ್ನು ನಾನು ನಂಬಿದವನಲ್ಲ. ಅದು ಸುಳ್ಳೆಂದು ಸಾಧಿಸಲು ಇರುವ ಸಾಕ್ಷಿ ನಿನ್ನ ತಾಯಿ ಒಬ್ಬಳೇ. ಪಕ್ಕದ ಕೋಣೆಯಲ್ಲಿಯೇ ಇದ್ದಾಳೆ. ಸಂಜೆಯಿಂದ ನಾನು ಅವಳನ್ನು ಕೇಳಿಲ್ಲ.

ನಿನ್ನ ತಂದೆ