ಪ್ಲಾಟ್‌ಫಾರಂ ಮುಗಿಯುವ ಕಡೆ

ಕರಿಗೌಡನಕಟ್ಟೆ,
ತಿಪಟೂರು ತಾಲ್ಲೂಕು
17-11-2025, ಸೋಮವಾರ

ಚಿ. ಸೌ. ಧನ್ಯಶ್ರೀಗೆ ನಿನ್ನ ಅತ್ತೆಯ ಆಶೀರ್ವಾದ.

ಇವತ್ತು ಕಾರ್ತಿಕದ ಕಡೇ ಸೋಮವಾರ, ಉಪವಾಸ. ಹಾಲು ಕರೆದು, ಕೊಟ್ಟಿಗೆ ಗುಡಿಸಿ, ಈಶ್ವರನ ಗುಡಿಗೆ ನೀರು ಹೊತ್ತು ಬಂದು ಕೂತಿದ್ದೇನೆ. ಎರಡೂವರೆ ತಿಂಗಳು ಬರೆಯದೆ ಇದ್ದುಬಿಟ್ಟೆ, ತಪ್ಪು ತಿಳಿಯಬೇಡ. ಫೋನು ನೀನು ಎತ್ತುವುದಿಲ್ಲ. ಎತ್ತಿದ್ದರೂ ಈ ಮಾತು ನನ್ನ ಬಾಯಿಗೆ ಬರುತ್ತಿರಲಿಲ್ಲ. ಕಾಲಿನ ಪಟ್ಟಿ ಬಿಚ್ಚಿದರಂತೆ. ಊರಿ ನಡೆಯುತ್ತೀಯಾ?

ಗುರುವಾರ ತಿಲಕ್, ಊರ ಹಿರಿಯರಾದ ಬಸವರಾಜಪ್ಪನವರನ್ನು ಕರೆದುಕೊಂಡು ಅರಸೀಕೆರೆಗೆ ನಿಮ್ಮ ಮನೆಗೆ ನ್ಯಾಯಕ್ಕೆ ಬರುತ್ತಾನೆ. "ಹೇಳಿದ್ ಮಾತು ಕೇಳ್ದೆ ಹೊಟ್ಟೇಲಿದ್ದ ಮಗೀನ ಕಳ್ಕಂಡ್ಲು. ತಪ್ಪಾಯ್ತು ಅಂದ್ರೆ ಬರ್ಲಿ, ಇಲ್ದಿದ್ರೆ ಅಲ್ಲೇ ಇರ್ಲಿ" ಅನ್ನುತ್ತಾನೆ. ನಿನ್ನ ಮಾವ, "ಆ ಹುಡ್ಗಿ ಸುಳ್ಳಾಡೋಳಲ್ಲ ಕಣ್ಲಾ" ಅಂದರು. "ಹಂಗಾದ್ರೆ ಅವ್ವ ಸುಳ್ಳಾಡ್ತಾಳಾ?" ಅಂತ ಕೇಳಿದ. ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ.

ನಮ್ಮ ಸ್ಟೇಷನ್ನಿನ ಕಥೆ ಹೊಸಬಳಾದ ನಿನಗೆಲ್ಲಿ ಗೊತ್ತು. ನಾನು ಮದುವೆಯಾಗಿ ಬಂದಾಗ ಮಾಸ್ತರರಿದ್ದರು, ಗಂಟೆಯಿತ್ತು, ದೀಪ ಹಿಡಿಯುವವನಿದ್ದ. ಆಮೇಲೆ ಒಬ್ಬೊಬ್ಬರನ್ನೇ ತೆಗೆದರು. ಈಗ ಉಳಿದಿರುವುದು ಬೀಗ ಜಡಿದ ಕೋಣೆ, ಒಂದು ಬೇವಿನ ಮರ. ಪ್ಲಾಟ್‌ಫಾರಂ ನಾಲ್ಕು ಬೋಗಿಯ ಕಾಲದ್ದು. ಗಾಡಿ ಉದ್ದವಾಯಿತು, ಅದು ಆಗಲಿಲ್ಲ. ಹಿಂದಿನ ಬೋಗಿಯಿಂದ ಇಳಿದರೆ ಕಾಲಿಗೆ ನೆಲ ಸಿಗುವುದಿಲ್ಲ, ಜಲ್ಲಿಯ ಇಳಿಜಾರು. ಕತ್ತಲಲ್ಲಿ ನೀನು ಬಿದ್ದದ್ದೂ ಅಲ್ಲೇ.

ಅದಕ್ಕೇ ಊರಿನವರೆಲ್ಲ ಮುಂದಿನ ನಾಲ್ಕು ಬೋಗಿಯಲ್ಲೇ ಕೂರುತ್ತಾರೆ. ಮನೆಗೆ ಬಂದ ಸೊಸೆಗೆ ಇದನ್ನು ಹೇಳಿಕೊಡುವುದು ಅತ್ತೆಯ ಕೆಲಸ. ನನಗೆ ನಮ್ಮತ್ತೆ ಅರಿಶಿನ ಆರುವ ಮೊದಲೇ ಹೇಳಿದ್ದರು: "ಮುಂದಿನ ನಾಕರಲ್ಲೇ ಹತ್ತು ಕಣೇ. ಹಿಂದೆ ಕೂತೋಳ್ನ ನಾನಂತೂ ಹಳ್ಳದಿಂದ ಎತ್ಕೊಂಡ್ ಬರಾಕಿಲ್ಲ."

ನಿನ್ನ ಕೆಂಪು ಹಸು ಕರು ಹಾಕಿದೆ. ಈಶ್ವರ ನಿನ್ನ ಕಾಲಿಗೆ ಬಲ ಕೊಡಲಿ, ಮಡಿಲು ಮತ್ತೆ ತುಂಬಲಿ.

ನಿನ್ನ ಅತ್ತೆ,
ರಾಮಲಕ್ಷ್ಮಮ್ಮ

ತಾ.ಕ.: ನಾನು ನಿನಗೆ ಹೇಳಿರಲಿಲ್ಲ. ಗೌರಿ ಹಬ್ಬಕ್ಕೆ ತವರಿಗೆ ಹೋದವಳು ನಾಲ್ಕು ದಿನ ಹೆಚ್ಚು ಉಳಿದೆ ಅಂತ ನನಗೆ ಸಿಟ್ಟಿತ್ತು. "ಬಸ್ಸಿಲ್ಲ ಅತ್ತೆ, ಸಂಜೆ ಗಾಡಿಗೆ ಬತ್ತೀನಿ" ಅಂತ ನೀನು ಅಂದೆ. "ಬಂದ್ರೆ ಬಾ, ಇಲ್ದಿದ್ರೆ ಬುಡು" ಅಂದು ನಾನು ಫೋನಿಟ್ಟೆ. ಇಟ್ಟ ಮೇಲೆ ಬೋಗಿಯ ಮಾತು ನೆನಪಾಯಿತು. ಮತ್ತೆ ಫೋನು ಮಾಡಲಿಲ್ಲ. ಆಸ್ಪತ್ರೆಯಲ್ಲಿ ತಿಲಕ್ ಕೇಳಿದಾಗ "ಹೇಳಿದ್ದೆ" ಅಂದುಬಿಟ್ಟೆ.

ಇವತ್ತು ಸಂಜೆ ದೀಪ ಹಚ್ಚಿ ಅವನಿಗೆ ಹೇಳುತ್ತೇನೆ. ಹೇಳುವವರೆಗೂ ಉಪವಾಸ ಬಿಡುವುದಿಲ್ಲ. ಬಾಯಿ ಬಾರದೆ ಹೋದರೆ, ಗುರುವಾರ ಈ ಕಾಗದವನ್ನು ಎಲ್ಲರ ಮುಂದೆ ಓದಿಸು.

ವೀಳ್ಯದೆಲೆ ಮಾರುವ ದುರ್ಗಯ್ಯನ ಕೈಯಲ್ಲಿ ಇದನ್ನು ಕಳಿಸಿದ್ದೇನೆ. ಬುಧವಾರ ಅವನು ಮತ್ತೆ ನಿಮ್ಮ ಕಡೆ ಬರುತ್ತಾನೆ. ಬೈದಾದರೂ ಎರಡು ಸಾಲು ಬರೆದುಕೊಡು. ತಂದುಕೊಡಪ್ಪ ಅಂತ ಅವನಿಗೆ ಹೇಳಿದ್ದೇನೆ. ಅವತ್ತು ಸಂಜೆ ಗಾಡಿಯ ಹೊತ್ತಿಗೆ ಪ್ಲಾಟ್‌ಫಾರಂ ಮುಗಿಯುವ ಕಡೆ ನಿಂತಿರುತ್ತೇನೆ.