ಕರೆದೊಯ್ಯುವವರ ಹೆಸರು

ಏಪ್ರಿಲ್ ೧೨, ಶನಿವಾರ

ಎಂಟು ವರ್ಷದ ಮಗಳನ್ನು ಒಬ್ಬಳನ್ನೇ ವಿಮಾನ ಹತ್ತಿಸಿ, ಗಂಡ ಕೆಲಸ ಮಾಡುವ ಊರಿಗೆ ರಜೆಗೆ ಕಳಿಸಿದೆ. ವಿಮಾನದವರ ಫಾರ್ಮಿನಲ್ಲಿ, ಅಲ್ಲಿ ಅವಳನ್ನು ಕರೆದೊಯ್ಯುವವರು ಯಾರು ಎಂಬ ಕಡೆ, ಹೋದ ವರ್ಷದಂತೆ, ಗಂಡನ ಜೊತೆಗೇ ಇರುವ ಅತ್ತೆಯ ಹೆಸರು ಬರೆದಿದ್ದೆ.

ನಾಲ್ಕೂವರೆಗೆ ಅಲ್ಲಿನ ವಿಮಾನ ನಿಲ್ದಾಣದಿಂದ ಫೋನು. “ಅಜ್ಜಿಗೆ ಮಂಡಿನೋವಂತೆ ಮೇಡಂ, ಬೇರೆಯವ್ರು ಬಂದಿದಾರೆ. ಮಗು ಓಡಿಹೋಗಿ ತಬ್ಕೊಳ್ತು. ನೀವು ಹೂಂ ಅಂದ್ರೆ ಕಳಿಸ್ತೀವಿ.”

ಮಗಳ ಕೈಗೆ ಕೊಡಿ ಎಂದೆ. “ಯಾರೇ ಅದು?”

“ಅಪ್ಪನ ಮನೇಲಿರೋ ಆಂಟಿ. ಹೋದ್ಸಲಾನೂ ಇದ್ರು. ನಿಂಗೆ ಹೇಳ್ಬಾರ್ದು ಅಂತ ಅಜ್ಜಿ ಆಣೆ ಮಾಡ್ಸಿದ್ರು. ಈಗ ಬೈತಾರಾ?”

“ಬೈಯಲ್ಲ, ಹೋಗು.”

ಗಂಡನ ಮಾತು ಹಾಗಿರಲಿ. ವಾರವಾರವೂ ಫೋನಿನಲ್ಲಿ “ಪಾಪ, ನಿನ್ನ ಗಂಡ ಒಂಟಿ ಕಣೇ” ಎನ್ನುತ್ತಿದ್ದರಲ್ಲ ಅತ್ತೆ. ವರ್ಷ ಪೂರ್ತಿ ನನ್ನ ಪಕ್ಕದಲ್ಲೇ ಮಲಗಿ, ಆ ಮಗು ಒಬ್ಬಳೇ ಇದನ್ನು ಹೊತ್ತುಕೊಂಡಿದ್ದಳಲ್ಲ.