ಹಸುವಿನ ಲೆಕ್ಕ ಹೆಂಗಸಿಗಲ್ಲ

ಶಿರಂಗಾಲ
೨೩-೧-೧೯೫೪

ನನ್ನ ಮಗಳು ಕಾಮಾಕ್ಷಿಗೆ ಅಪ್ಪನ ಆಶೀರ್ವಾದ.

ಮಡಿಕೇರಿಯ ಚಳಿ ಹೇಗಿದೆ? ನಿನ್ನ ಕೆಮ್ಮು ಹೋಯಿತೇ? ಕರಿಕಂಬಳಿ ಕಳಿಸಬೇಕೆಂದು ನಿಮ್ಮವ್ವ ಮೂರು ದಿನದಿಂದ ನನ್ನ ತಲೆ ತಿನ್ನುತ್ತಿದ್ದಾಳೆ. ಹೆರಿಗೆ ಮಾಡಿಸುವುದನ್ನು ಕಲಿತದ್ದು ಸಾಕು, ಶಿವರಾತ್ರಿಯೊಳಗೆ ಬಿಟ್ಟು ಬಾ, ಶನಿವಾರಸಂತೆಯ ಪುಟ್ಟರಾಜುವಿನ ಮನೆಯವರು ಮದುವೆಗೆ ಅವಸರ ಮಾಡುತ್ತಿದ್ದಾರೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆ. ನೀನು ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿರಬೇಕು, ನನ್ನ ಮಗಳಲ್ಲವೇ, ಬರದೆ ಇರುತ್ತದೆಯೇ! ಅದಿರಲಿ, ಮೊದಲು ಮನೆಯ ಸುದ್ದಿ ಕೇಳು.

ಹೋದ ಸೋಮವಾರ ಬೆಳಿಗ್ಗೆ ನಿನ್ನ ಅತ್ತಿಗೆ ಚಲುವಮ್ಮನಿಗೆ ಗಂಡುಮಗು ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಹೆದರಬೇಡ. ಆದರೆ ಅವರು ಉಳಿದದ್ದು ನನ್ನಿಂದಲ್ಲ. ಮಗು ಬಂತು, ಅದರ ಹಿಂದೆಯೇ ಬೀಳಬೇಕಾದ ಮಾಸು ಬೀಳಲಿಲ್ಲ. "ಏನೂ ಅವಸರ ಇಲ್ಲ, ಕಾಯ್ರಿ. ನಮ್ಮ ಕೆಂದಿ ಕರು ಹಾಕಿ ಮಧ್ಯಾಹ್ನದ ತನಕ ಮಾಸು ಹಾಕಿರಲಿಲ್ಲ" ಎಂದು ಬಾಗಿಲಾಚೆಯಿಂದ ಹೇಳಿದವನು ನಾನೇ. ನೂರಾರು ಕರು ಎಳೆದ ಕೈ ಎಂಬ ಸೊಕ್ಕು ನೋಡು. ಹಸುವಿಗೆ ತಿನ್ನಿಸುವ ಬಿದಿರೆಲೆಯನ್ನೇ ಕುದಿಸಿ ಕುಡಿಸೋಣ ಎಂದು ಕತ್ತಿ ಹಿಡಿದು ಹೊರಟೂ ಬಿಟ್ಟಿದ್ದೆ. ಅಷ್ಟರಲ್ಲಿ ನಿಮ್ಮವ್ವ ಹೊರಗೆ ಬಂದಳು. ಅವಳ ಕೈಯಲ್ಲಿದ್ದ ಬಟ್ಟೆ ನೆಂದು ಕೆಂಪಾಗಿತ್ತು. "ದೀಪಾವಳೀಲಿ ಮಗಳು ಇದನ್ನೇ ಅಲ್ವೇ ಹೇಳಿದ್ದು? ಆ ಪುಸ್ತಕ ಎಲ್ಲಿ ಬಿಸಾಕಿದ್ರಿ?" ಎಂದಳು.

ದೀಪಾವಳಿಗೆ ಬಂದಾಗ ನೀನು ಮರೆತು ಬಿಟ್ಟುಹೋದ ಆ ನೋಟುಬುಕ್ಕನ್ನು, ಮದುವೆಯಾಗದ ಹುಡುಗಿ ಇಂಥ ಚಿತ್ರ ಬರೆಯುವುದೇ ಎಂದು ನಾನು ಅಟ್ಟಕ್ಕೆ ಎಸೆದಿದ್ದೆ. ನಿಮ್ಮಣ್ಣ ನಾಗರಾಜು ಹುಡುಕಿ ತೆಗೆದು, ಗಟ್ಟಿಯಾಗಿ ಓದಿದ. ಅರ್ಧ ಗಂಟೆಯಲ್ಲಿ ಮಾಸು ಬೀಳದೆ ರಕ್ತ ಹೋಗುತ್ತಿದ್ದರೆ ಕಾಯಬಾರದು, ಕೂಡಲೇ ನರ್ಸನ್ನು ಕರೆಸಬೇಕು, ಅಲ್ಲಿಯವರೆಗೆ ಮಗುವನ್ನು ಮೊಲೆಗೆ ಹಿಡಿಯಬೇಕು ಎಂದಿತ್ತು. ನಿಮ್ಮವ್ವ ಹಾಗೇ ಮಾಡಿದಳು. ನಾಗರಾಜು ಸೈಕಲ್ ತುಳಿದು, ಹೆಬ್ಬಾಲೆಗೆ ಬಂದಿದ್ದ ನರ್ಸ್ ಗುರುಸಿದ್ದಮ್ಮನವರನ್ನು ಹಿಂದೆ ಕೂರಿಸಿಕೊಂಡು ಬಂದ. ಅವರು ಸೂಜಿ ಚುಚ್ಚಿ, ಮಾಸು ತೆಗೆದು, ಕೈ ತೊಳೆಯುತ್ತಾ, "ಇನ್ನು ಸ್ವಲ್ಪ ತಡ ಮಾಡಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ. ಯಾರು ನಿಮಗೆ ಹೇಳಿಕೊಟ್ಟಿದ್ದು?" ಎಂದು ಕೇಳಿದರು. ಮಗಳು ಎಂದೆ. ಅಷ್ಟು ಹೇಳುವಾಗಲೇ ನನಗೆ ಅಳು ಬಂತು.

ಆಮೇಲೆ ಎರಡು ದಿನ ಜಗಲಿಯಲ್ಲಿ ಕೂತು ನಿನ್ನ ನೋಟುಬುಕ್ಕು ಓದಿದೆ. ಅಪ್ಪ ಮಗಳಿಗೆ ಬರೆಯುವ ಮಾತಲ್ಲ ಇದು, ಆದರೂ ಬರೆಯುತ್ತೇನೆ. ಹಸುವಿನ ಗರ್ಭಚೀಲಕ್ಕೆ ಟಗರಿನ ಹಾಗೆ ಎರಡು ಕೊಂಬು, ಕರು ಬೆಳೆಯುವುದು ಒಂದರಲ್ಲಿ ಎಂದು ಬರೆದಿದ್ದೀಯ. ಇದು ನನ್ನ ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ! ಹಂದಿಗೆ ನಾಯಿಗೆ ಆ ಕೊಂಬುಗಳು ಇನ್ನೂ ಉದ್ದವಂತೆ, ಅವರೆಕಾಯಿಯೊಳಗಿನ ಕಾಳಿನಂತೆ ಮರಿಗಳು ಸಾಲಾಗಿ ಕೂರುತ್ತವಂತೆ. ಹೆಂಗಸಿಗೆ ಮಾತ್ರ ಕೊಂಬಿಲ್ಲ, ತಲೆಕೆಳಗಾದ ಸೀಬೆಹಣ್ಣಿನಂಥ ಒಂದೇ ಒಂದು ಪುಟ್ಟ ಚೀಲ. ಅಷ್ಟು ಸಣ್ಣದು ಒಂಬತ್ತು ತಿಂಗಳಲ್ಲಿ ನಮ್ಮನ್ನೆಲ್ಲ ಹಿಡಿಸಿಕೊಂಡಿತಲ್ಲ, ಆ ದೇವರ ಕೈಗೆ ಮುತ್ತಿಡಬೇಕು. ಹಸುವಿನ ಮಾಸು ರವಿಕೆಗೆ ಗುಂಡಿ ಹಾಕಿದಂತೆ ನೂರು ಕಡೆ ಅಂಟಿರುತ್ತದೆ, ನಿಧಾನಕ್ಕೆ ಒಂದೊಂದೇ ಬಿಚ್ಚಿಕೊಂಡರೂ ರಕ್ತ ಹರಿಯುವುದಿಲ್ಲ. ಹೆಂಗಸಿನದು ರೊಟ್ಟಿಯಂತೆ ಒಂದೇ ಕಡೆ ಅಂಟಿ, ತಾಯಿಯ ರಕ್ತದಲ್ಲೇ ಬೇರು ಬಿಟ್ಟಿರುತ್ತದೆ. ಅರ್ಧ ಬಿಟ್ಟು ಅರ್ಧ ನಿಂತರೆ ಪ್ರಾಣವೇ ಸೋರಿಹೋಗುತ್ತದೆ.

ನಮ್ಮ ಹಿರಿಯರು ಹಸುವಿನ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಿದ್ದರು, ಮನುಷ್ಯರದನ್ನು ನೆಲದಲ್ಲಿ ಹೂಳುತ್ತಿದ್ದರು. ನಾನೂ ಐವತ್ತು ವರ್ಷ ಹಾಗೇ ಮಾಡಿದವನು. ಎರಡೂ ಬೇರೆ ಎಂದು ಒಂದು ದಿನವಾದರೂ ಯೋಚಿಸಬಾರದಿತ್ತೇ? ಸೋಮವಾರ ಚಲುವಮ್ಮನ ಮಾಸಿಗೆ ಹಿತ್ತಲಲ್ಲಿ ಗುಂಡಿ ತೋಡಿದ್ದನ್ನು ನೆನೆದು ನನಗೆ ಬಹಳ ನಾಚಿಕೆಯಾಯಿತು ಮಗಳೇ. ಇಪ್ಪತ್ತು ವರ್ಷದ ನೀನು ಇಷ್ಟೆಲ್ಲ ತಿಳಿದುಕೊಂಡಿದ್ದೀಯ ಎಂದು ಅಷ್ಟೇ ಹೆಮ್ಮೆಯೂ ಆಯಿತು.

ನೋಟುಬುಕ್ಕು ಈಗ ಅಟ್ಟದಲ್ಲಿಲ್ಲ, ದೇವರ ಗೂಡಿನಲ್ಲಿದೆ. ಅದನ್ನು ಕಳಿಸು ಎಂದು ಕೇಳಬೇಡ, ಇನ್ನೊಂದು ಬರೆದುಕೋ. ಪಕ್ಕದ ಮನೆ ರಂಗಮ್ಮನ ಸೊಸೆಗೆ ಎಂಟು ತಿಂಗಳು. ನಿಮ್ಮವ್ವ, ಅಣ್ಣ, ಅತ್ತಿಗೆ ಎಲ್ಲರೂ ನಿನ್ನನ್ನು ನೆನೆಯುತ್ತಾರೆ. ಹೊಟ್ಟೆ ತುಂಬ ಊಟ ಮಾಡು, ಚೆನ್ನಾಗಿ ಕಲಿ.

ನಿನ್ನ ಅಪ್ಪ,
ಕೆಂಪಣ್ಣ

ತಾ.ಕ.: ಸಂತೆಗೆ ಹೋಗುವ ಗಾಡಿ ಬಾಗಿಲಲ್ಲಿ ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಪುಟ್ಟರಾಜುವಿನ ತಂದೆ ನಿನ್ನೆ ಬಂದಿದ್ದರು. ಹುಡುಗಿ ಕಲಿಕೆ ಮುಗಿಸದೆ ಬರುವುದಿಲ್ಲ, ಬೇಕಾದರೆ ಕಾಯಿರಿ ಎಂದೆ. ಎಷ್ಟು ದಿನ ಎಂದರು. ಒಂದೂವರೆ ವರ್ಷ ಎಂದೆ. ಮುಖ ಸಿಂಡರಿಸಿಕೊಂಡು ಎದ್ದುಹೋದರು. ಹೋಗಲಿ ಬಿಡು. ಇದಕ್ಕೆ ಕಾದರೆ ಯಾರ ಪ್ರಾಣವೂ ಹೋಗುವುದಿಲ್ಲ.